ಮಾಡೆಲ್ ಟ್ಯಾಂಕ್ ಕಿಟ್‌ನಲ್ಲಿ ಎರಡೆರಡು ಭಾಗ: ಯಾವುದನ್ನು ಅಂಟಿಸಿದರೂ ನಡೆಯುತ್ತದೆಯೇ?

ನಂಬಿಕೆ: ಕಿಟ್‌ನಲ್ಲಿ ಒಂದೇ ಜಾಗಕ್ಕೆ ಎರಡು ಬಗೆಯ ಭಾಗ ಕೊಟ್ಟಿದ್ದರೆ, ನೋಡಲು ಚೆಂದ ಇರುವುದನ್ನು ಅಂಟಿಸಿದರೆ ಸಾಕು.

ನಿಜವೇನು? ಆಟಿಕೆಯಾದರೆ ಸಾಕು. ನಿಜವಾದ ಟ್ಯಾಂಕಿನ ಪ್ರತಿರೂಪ ಬೇಕೆಂದರೆ ಸಾಲದು.

ಜರ್ಮನಿಯ ಟೈಗರ್ 1 ಟ್ಯಾಂಕನ್ನೇ ನೋಡಿ. 1942ರಿಂದ 1944ರವರೆಗೆ ತಯಾರಾದ ಇದು ನಡುನಡುವೆ ಬದಲಾಗುತ್ತಲೇ ಇತ್ತು. ಮೊದಮೊದಲು ಕಮಾಂಡರ್ ಹೊರಗೆ ನೋಡುವ ಗೂಡು ಡ್ರಮ್ಮಿನಂತೆ ಎತ್ತರವಿತ್ತು, ಚಕ್ರಗಳಿಗೆ ರಬ್ಬರ್ ಅಂಚಿತ್ತು. 1943ರ ಮಧ್ಯದಲ್ಲಿ ಗಿಡ್ಡ ಗೂಡು, 1944ರ ಆರಂಭದಲ್ಲಿ ಉಕ್ಕಿನ ಅಂಚಿನ ಚಕ್ರ ಬಂದವು. ರಿಪೇರಿಯಾಗಿ ಮರಳಿದ ಕೆಲವನ್ನು ಬಿಟ್ಟರೆ, ಎತ್ತರದ ಗೂಡು ಮತ್ತು ಉಕ್ಕಿನ ಚಕ್ರ ಒಟ್ಟಿಗೆ ಕಾಣಸಿಗುವುದಿಲ್ಲ.

ಮೈಮೇಲಿನ ಗೀರುಗೀರಾದ ಲೇಪ 'ಝಿಮ್ಮರಿಟ್' ಕೂಡ ಹಾಗೆಯೇ. ಅಯಸ್ಕಾಂತದ ಬಾಂಬ್ ಅಂಟದಿರಲೆಂದು 1943ರ ಉತ್ತರಾರ್ಧದಿಂದ ಅದನ್ನು ಬಳಿಯುತ್ತಿದ್ದರು. ಗುಂಡು ಬಿದ್ದರೆ ಲೇಪಕ್ಕೇ ಬೆಂಕಿ ಹತ್ತುತ್ತದೆ ಎಂಬ ಸುದ್ದಿ ಹಬ್ಬಿ, 1944ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದರು. ಆ ಸುದ್ದಿ ಸುಳ್ಳಾಗಿತ್ತು! ವಾಟ್ಸಾಪ್ ಇಲ್ಲದ ಕಾಲದಲ್ಲೂ ಫಾರ್ವರ್ಡ್‌ಗೆ ಬರವಿರಲಿಲ್ಲ.

ಆರಿಸುವುದು ಹೇಗೆ?

• ಮೊದಲು ಒಂದೇ ಒಂದು ಟ್ಯಾಂಕ್ ಆರಿಸಿ, ಅದರ ಫೋಟೋ ಹುಡುಕಿ. ಉದಾಹರಣೆಗೆ, 1943ರ ಏಪ್ರಿಲ್‌ನಲ್ಲಿ ಟುನೀಶಿಯಾದಲ್ಲಿ ಸೆರೆಸಿಕ್ಕು, ಈಗ ಇಂಗ್ಲೆಂಡಿನ ಬೋವಿಂಗ್ಟನ್ ಮ್ಯೂಸಿಯಂನಲ್ಲಿರುವ 'ಟೈಗರ್ 131': ಎತ್ತರದ ಗೂಡು, ರಬ್ಬರ್ ಚಕ್ರ, ಲೇಪವಿಲ್ಲ.

• ಸೂಚನಾ ಹಾಳೆಯಲ್ಲಿ ಬೇಡದ ಭಾಗಗಳನ್ನು ಪೆನ್ನಿನಿಂದ ಹೊಡೆದುಹಾಕಿ.

• ಒಳಗಿನಿಂದ ಕೊರೆಯಬೇಕಾದ ತೂತುಗಳನ್ನು, ಮೇಲ್ಭಾಗ ಮುಚ್ಚುವ ಮುನ್ನವೇ ಕೊರೆಯಿರಿ.

• ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಕಿಟ್‌ನ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಉಳಿದ ಭಾಗ ಎಸೆಯಬೇಡಿ, ಮುಂದಿನ ಮಾಡೆಲ್‌ಗೆ ಆದೀತು.