ಎರಡು ಸಲ ಇಳಿದ ಕಲ್ಲು

ಗೋಲ್ಡೌ ಊರಿನ ಪ್ರಾಣಿವನಕ್ಕೆ ಕಾಲಿಟ್ಟರೆ ಜಿಂಕೆಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಬಂಡೆಗಳು. ಮನೆಯಷ್ಟು ದೊಡ್ಡವು, ಒಂದರ ಮೈಮೇಲೊಂದು ವಾಲಿಕೊಂಡವು, ಹಸಿರು ಪಾಚಿ ಹೊದ್ದವು. ಸಂದುಗಳಿಂದ ಮರಗಳು ನೆಟ್ಟಗೆ ಎದ್ದಿವೆ. ಪಾಚಿ ಇಲ್ಲದ ಕಡೆ ಕೈಯಾಡಿಸಿದರೆ ಬಂಡೆಯ ಮೈಯೆಲ್ಲ ನುಣ್ಣನೆಯ ಉಬ್ಬುಗಳು. ಹೆಬ್ಬೆರಳಿನ ಗಾತ್ರದ್ದೊಂದು, ಮುಷ್ಟಿಯಷ್ಟು ದಪ್ಪನೆಯದೊಂದು. ಬೂದು ಸುಣ್ಣಕಲ್ಲು, ಕಂದು ಮರಳುಗಲ್ಲು, ನಡುನಡುವೆ ಕೆಂಪಗೊಂದು. ಬೆಲ್ಲದ ಪಾಕದಲ್ಲಿ ಕಡಲೆಬೀಜ ಕೂತ ಚಿಕ್ಕಿಯ ಹಾಗೆ ಇವೆಲ್ಲ ಮರಳು–ಸುಣ್ಣದ ಗಾರೆಯಲ್ಲಿ ಗಟ್ಟಿಯಾಗಿ ಕೂತಿವೆ. ಅಲ್ಲಲ್ಲಿ ಒಂದು ಕಲ್ಲು ಕಳಚಿ ಬಿದ್ದು, ಅದರ ಅಚ್ಚು ಮಾತ್ರ ಗುಳಿಯಾಗಿ ಉಳಿದಿದೆ. ಸ್ವಿಸ್ ಜನ ಈ ಕಲ್ಲಿಗೆ ನಾಗೆಲ್‌ಫ್ಲೂ ಎನ್ನುತ್ತಾರೆ.

ಮಧ್ಯ ಸ್ವಿಟ್ಜರ್ಲೆಂಡಿನ ಶ್ವೀಟ್ಸ್ ಪ್ರಾಂತ್ಯದಲ್ಲಿ, ಒಂದು ಕಡೆ ಟ್ಸುಗ್ ಸರೋವರ, ಇನ್ನೊಂದು ಕಡೆ ಪುಟ್ಟ ಲೌವೆರ್ಟ್ಸ್ ಸರೋವರ, ನಡುವೆ ಈ ಊರು. ತೆಂಕಣಕ್ಕೆ ರಿಗಿ ಬೆಟ್ಟ. ಅದನ್ನು ಹತ್ತಲು ಬರುವ ನಮ್ಮ ಪ್ರವಾಸಿಗರೂ ಇಲ್ಲಿನ ನಿಲ್ದಾಣದಲ್ಲಿ ರೈಲು ಬದಲಿಸುವುದುಂಟು. ಎಲ್ಲರ ಕಣ್ಣೂ ರಿಗಿಯ ಮೇಲೆ. ನನ್ನನ್ನು ಕೇಳಿದರೆ, ನೋಡಬೇಕಾದದ್ದು ಬಡಗಣಕ್ಕಿರುವ ರೋಸ್‌ಬೆರ್ಗ್. ಸುಮಾರು 1,570 ಮೀಟರ್ ಎತ್ತರದ ಗ್ನಿಪೆನ್ ನೆತ್ತಿಯಿಂದ ಕೆಳಗೆ, ಕಾಡಿನ ನಡುವೆ, ಚರ್ಮ ಸುಲಿದಂಥ ಅಗಲವಾದ ಪಟ್ಟಿಯೊಂದು ಇಂದಿಗೂ ಎದ್ದು ಕಾಣುತ್ತದೆ. ಪ್ರಾಣಿವನದ ಬಂಡೆಗಳೆಲ್ಲ ಹೊರಟದ್ದು ಅಲ್ಲಿಂದ.

ಆದರೆ ಅದು ಅವುಗಳ ಎರಡನೆಯ ಇಳಿತ. ಮೊದಲನೆಯದು ಮೂರು ಕೋಟಿಯಿಂದ ಎರಡೂವರೆ ಕೋಟಿ ವರ್ಷಗಳ ಹಿಂದಿನದು. ಆಲ್ಪ್ಸ್ ಆಗಿನ್ನೂ ಮೇಲೇಳುತ್ತಿತ್ತು; ಏಳುತ್ತಿದ್ದಂತೆಯೇ ಸವೆಯುತ್ತಲೂ ಇತ್ತು. ಒಡೆದ ಕಲ್ಲನ್ನು ನದಿಗಳು ಉರುಳಿಸಿ, ತಿಕ್ಕಿ, ದುಂಡಗೆ ಮಾಡಿ ಬೆಟ್ಟದ ಬುಡದ ತಗ್ಗಿನಲ್ಲಿ ಸುರಿದವು. ನದಿಯ ಭರ ಇದ್ದ ಕಡೆ ಗುಂಡುಕಲ್ಲು. ನೀರು ನಿಂತ ಕಡೆ ಬರೀ ಕೆಸರು. ಕಲ್ಲಿನ ಹಾಸು ನಾಗೆಲ್‌ಫ್ಲೂ ಆಯಿತು, ಕೆಸರಿನ ಹಾಸು ಮಾರ್ಲ್ ಎಂಬ ಸುಣ್ಣ ಬೆರೆತ ಮೆತ್ತನೆಯ ಜೇಡಿಕಲ್ಲಾಯಿತು. ಒಂದರ ಮೇಲೊಂದು, ಸಾವಿರಾರು ಮೀಟರ್ ದಪ್ಪಕ್ಕೆ. ಭೂವಿಜ್ಞಾನಿಗಳು ಈ ರಾಶಿಯನ್ನು ಮೊಲಾಸ್ ಎನ್ನುತ್ತಾರೆ. ಆಮೇಲೆ ಆಲ್ಪ್ಸ್ ಉತ್ತರಕ್ಕೆ ಒತ್ತಿಕೊಂಡು ಬಂದು ಈ ಹಾಸುಗಳನ್ನೂ ಮೇಲೆತ್ತಿ ಓರೆ ಮಾಡಿತು.

ಎಡವಟ್ಟಾದದ್ದು ಆ ಓರೆಯಲ್ಲಿ. ರೋಸ್‌ಬೆರ್ಗಿನ ತೆಂಕಣ ಮೈಯಲ್ಲಿ ಗುಡ್ಡ ಯಾವ ಕಡೆಗೆ ಇಳಿಯುತ್ತದೋ ಒಳಗಿನ ಪದರುಗಳೂ ಅದೇ ಕಡೆಗೆ ಇಳಿಯುತ್ತವೆ. ವಾಟ ಹೆಚ್ಚೇನಲ್ಲ, 20 ಡಿಗ್ರಿಯ ಆಸುಪಾಸು. ದನ ಮೇಯಿಸಲು ಏನೂ ತಕರಾರಿಲ್ಲದ ಏರು. ಹಿಮಯುಗದ ಹಿಮನದಿ ಕಣಿವೆಯನ್ನು ಕೊರೆಯುತ್ತಾ ಬುಡದ ಆಸರೆಯನ್ನು ಕಿತ್ತುಕೊಂಡು ಹೋಗಿತ್ತು. ಉಳಿದ ಕೆಲಸ ಮಳೆಯದ್ದು. ನಾಗೆಲ್‌ಫ್ಲೂವಿನ ಬಿರುಕುಗಳಲ್ಲಿ ಇಳಿದ ನೀರು ಮಾರ್ಲಿನ ಹತ್ತಿರ ಬಂದು ತಡೆದು ನಿಲ್ಲುತ್ತದೆ. ನಿಂತ ನೀರು ಮೇಲಿನ ಬಂಡೆಯನ್ನು ಒಳಗಿನಿಂದ ಎತ್ತಿ ಹಿಡಿಯುತ್ತದೆ, ಮಾರ್ಲನ್ನು ನೆನೆಸಿ ಜಾರುಮಣ್ಣು ಮಾಡುತ್ತದೆ. ಹಿಡಿತ ಸಡಿಲವಾಗುತ್ತ ಬರುತ್ತದೆ. ಮೇಲಿನ ಭಾರ ಮಾತ್ರ ಅಷ್ಟೇ ಇರುತ್ತದೆ.

1806ಕ್ಕೆ ಮುಂಚಿನ ಕೆಲವು ವರ್ಷ ಹಿಮವೂ ಜೋರು, ಮಳೆಯೂ ಜೋರು. ಗುಡ್ಡದ ಮೇಲೆ ಬಿರುಕು ಬಿಟ್ಟಿದ್ದನ್ನು ಜನ ಕಂಡಿದ್ದರು. ಕೆಳಗಿನ ಹೊಲಗಳಲ್ಲಿ ಹಿಂದಿನ ಯಾವುದೋ ಕಾಲದ ಕುಸಿತದ ಬಂಡೆಗಳೂ ಬಿದ್ದಿದ್ದವು. ಆದರೂ ಊರು ಬಿಡಲಿಲ್ಲ. ಬಿಟ್ಟು ಹೋಗುವುದಾದರೂ ಎಲ್ಲಿಗೆ? 1806ರ ಸೆಪ್ಟೆಂಬರ್ 2, ಮಂಗಳವಾರ. ಬೆಳಗಿನಿಂದಲೂ ಮೇಲೆ ನೆಲ ಬಾಯಿ ಬಿಡುತ್ತಿತ್ತು, ಕಲ್ಲು ಉರುಳುತ್ತಿತ್ತು, ಕಾಡಿನಲ್ಲಿ ಬೇರುಗಳು ಪಟಪಟ ಹರಿಯುವ ಸದ್ದು. ಸಂಜೆ ಐದರ ಹೊತ್ತಿಗೆ ಇಡೀ ಹಾಸು ಒಮ್ಮೆಲೇ ಕಳಚಿಕೊಂಡಿತು. ಮೂರೂವರೆಯಿಂದ ನಾಲ್ಕು ಕೋಟಿ ಘನಮೀಟರ್ ಕಲ್ಲು–ಮಣ್ಣು ಸುಮಾರು ಸಾವಿರ ಮೀಟರ್ ಎತ್ತರದಿಂದ ಕಣಿವೆಗೆ ನುಗ್ಗಿ, ಅಡ್ಡಕ್ಕೆ ಹರಿದು, ಎದುರಿನ ರಿಗಿಯ ಬುಡವನ್ನು ಏರಿತು. ಒಂದು ಭಾಗ ಲೌವೆರ್ಟ್ಸ್ ಸರೋವರಕ್ಕೆ ಬಿದ್ದು ಎಬ್ಬಿಸಿದ ಅಲೆ ಆಚೆ ತುದಿಯ ಸೇವೆನ್ ಊರಿನವರೆಗೂ ಹೋಗಿ ಬಡಿಯಿತು. ಎಲ್ಲ ಕೆಲವೇ ನಿಮಿಷ. ಗೋಲ್ಡೌ, ರೋಟೆನ್, ಬುಸಿಂಗೆನ್ ಹೂತುಹೋದವು. ಸತ್ತವರು 457 ಮಂದಿ. ಅವರಲ್ಲಿ ರಿಗಿ ನೋಡಲೆಂದು ಬಂದಿದ್ದ ಪ್ರವಾಸಿಗರೂ ಇದ್ದರು. ಮನೆ 111, ಕೊಟ್ಟಿಗೆ–ಕಣಜ 220.

ಪಕ್ಕದ ಆರ್ಟ್ ಊರಿನ ವೈದ್ಯ ಕಾರ್ಲ್ ಟ್ಸಾಯ್ ಈ ಘಟನೆಯನ್ನು ದಾಖಲಿಸಿ 1807ರಲ್ಲೇ ಪುಸ್ತಕ ಮಾಡಿದ. ಅಂದಿನ ಬೇರುಗಳ ಸದ್ದು ನಮ್ಮ ಕಿವಿಗೆ ಬಿದ್ದಿದ್ದರೆ ಅಂಥ ಬರಹಗಳಿಂದಲೇ. ಸ್ವಿಸ್ ಒಕ್ಕೂಟದ ಮುಖ್ಯಸ್ಥ ಆಂಡ್ರೆಯಾಸ್ ಮೆರಿಯಾನ್ ಎಲ್ಲ ಪ್ರಾಂತ್ಯಗಳಿಗೂ ನೆರವು ಕೇಳಿ ಬರೆದ. ಅದುವರೆಗೆ ತಮ್ಮತಮ್ಮ ಪಾಡಿಗಿದ್ದ ಪ್ರಾಂತ್ಯಗಳು ದುಡ್ಡು ಕೊಟ್ಟವು, ಆಳು ಕಳಿಸಿದವು. ಸುಮಾರು ನಾಲ್ಕು ದಶಕದ ಮೇಲೆ ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಇಲ್ಲಿನ ಬಂಡೆಗಳನ್ನು ಮುಂದಿಟ್ಟು, ಹಿಂದೆ ಟ್ಸುಗ್ ಸರೋವರದ ಮೇಲೆ ನೆತ್ತರುಗೆಂಪಿನ ಮುಳುಗುಹೊತ್ತನ್ನು ಬಳಿದ. ಚಿತ್ರ ಅದ್ಭುತವೇ. ಆದರೆ ಅಷ್ಟು ಕೆಂಪು ಬೇಕಿತ್ತೇ ಅನ್ನಿಸುತ್ತದೆ. ಬೂದು ಬಂಡೆಯೊಂದರಲ್ಲೇ ಸಾಕಷ್ಟು ಇದೆ.

ಊರು ಮತ್ತೆ ಎದ್ದದ್ದು ಅದೇ ರಾಶಿಯ ಮೇಲೆ. 1882ರಲ್ಲಿ ಗೊಟ್ಹಾರ್ಡ್ ರೈಲುಹಾದಿಯೂ ಇದರ ನಡುವೆಯೇ ಹಾದುಹೋಯಿತು. 1925ರಲ್ಲಿ, ಉಳಲು ಬಾರದ ಬಂಡೆಗಾಡಿನಲ್ಲಿ ಪ್ರಾಣಿವನ ಆಯಿತು. ಮೇಲಿನ ಜಾರುಪಟ್ಟಿಯ ಸುಣ್ಣದ ನೆಲದಲ್ಲಿ ಈಗ ಅಪರೂಪದ ಆರ್ಕಿಡ್‌ಗಳು ಅರಳುತ್ತವೆ, ಅವನ್ನು ನೋಡಲೆಂದೇ ಜನ ಹತ್ತುತ್ತಾರೆ. ಹತ್ತುವಾಗ ಕಾಲ ಕೆಳಗೆ ಸಿಗುವುದು ಕೆಳಗಿನ ಹಾಸಿನ ಬೆನ್ನು, ಅದೇ ವಾಟದಲ್ಲಿ. ಪಟ್ಟಿಯ ಅಕ್ಕಪಕ್ಕದಲ್ಲಿ ಜಾರದೆ ಉಳಿದ ಮೇಲಿನ ಹಾಸು, ಅದರಡಿಗೆ ಮಾರ್ಲು. 2005ರ ಆಗಸ್ಟಿನಲ್ಲಿ ಮಳೆ ಬಿಡದೆ ಹೊಡೆದಾಗ ರೋಸ್‌ಬೆರ್ಗಿನ ಮೈ ಮತ್ತೆ ಕೆಲವು ಕಡೆ ಜರಿಯಿತು.