ತೋಳಕ್ಕೆ ಎರಡು, ನಾಯಿಗೆ ಮೂವತ್ತು

ಬೀದಿ ನಾಯಿಗೆ ಅನ್ನ ಹಾಕಿದರೆ ಅನ್ನ, ಮುದ್ದೆ ಹಾಕಿದರೆ ಮುದ್ದೆ. ಮಜ್ಜಿಗೆ ಕಲಸಿದ ತಂಗಳಾದರೂ ತಟ್ಟೆ ನೆಕ್ಕಿ ಬಾಲ ಆಡಿಸುತ್ತದೆ. ಅದರ ಹತ್ತಿರದ ನೆಂಟ ತೋಳ ಕೊಪ್ಪಳ ಜಿಲ್ಲೆಯ ಬಂಕಾಪುರದ ಕುರುಚಲು ಕಾಡಿನಲ್ಲಿದೆ. ಅದು ಮೊಲ ಹಿಡಿಯುತ್ತದೆ, ಹೊಂಚು ಹಾಕಿ ಕುರಿಹಟ್ಟಿಯಿಂದ ಮರಿ ಹೊತ್ತೊಯ್ಯುತ್ತದೆ. ಯಾರ ಮನೆಯ ಅನ್ನಕ್ಕೂ ಕಾದು ಕೂರುವುದಿಲ್ಲ. ಒಂದೇ ವಂಶದ ಈ ಎರಡರಲ್ಲಿ ನಾಯಿಗೆ ಮಾತ್ರ ಅನ್ನ ಇಷ್ಟು ಚೆನ್ನಾಗಿ ಒಗ್ಗಿದ್ದು ಹೇಗೆ? ಉತ್ತರದ ದೊಡ್ಡ ಪಾಲು ಮೇದೋಜೀರಕ ಗ್ರಂಥಿಯಲ್ಲಿ ಒಸರುವ ಅಮೈಲೇಸ್ ಎಂಬ ಕಿಣ್ವದಲ್ಲಿದೆ. ಅದೂ ಅದರ ಗುಣಕ್ಕಿಂತ ಹೆಚ್ಚಾಗಿ ಪ್ರಮಾಣದಲ್ಲಿ.

ಅಮೈಲೇಸ್‌ನ ಕೆಲಸ ಪಿಷ್ಟದ ಉದ್ದುದ್ದ ಸರಪಳಿಯನ್ನು ಕತ್ತರಿಸಿ ಸಣ್ಣ ಸಕ್ಕರೆ ತುಂಡುಗಳಾಗಿಸುವುದು. ಕಿಣ್ವಗಳ ಪೈಕಿ ಮೊದಲು ಮನುಷ್ಯರ ಕೈಗೆ ಸಿಕ್ಕಿದ್ದೂ ಇದೇ ಜಾತಿಯದು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ರಸಾಯನವಿಜ್ಞಾನಿಗಳು ಮೊಳಕೆ ಬಂದ ಬಾರ್ಲಿಯಿಂದ ಇದನ್ನು ಬೇರ್ಪಡಿಸಿದರು. ನಮ್ಮ ಕಡೆ ಮೊಳಕೆ ರಾಗಿಯ ಹಿಟ್ಟಿನಲ್ಲಿ ಮಗುವಿಗೆ ಸರಿ ಕಾಯಿಸುವ ತಾಯಂದಿರು ಇದರ ಕೈಚಳಕವನ್ನು ದಿನಾ ನೋಡುತ್ತಾರೆ. ಅಷ್ಟೇ ಹಿಟ್ಟು, ಅಷ್ಟೇ ನೀರು. ಆದರೂ ಮೊಳಕೆ ಕಟ್ಟದ ರಾಗಿಯದು ಗಟ್ಟಿಯಾಗುತ್ತದೆ, ಮೊಳಕೆ ರಾಗಿಯದು ತೆಳ್ಳಗೆ ಸುರಿಯುತ್ತದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟಿದ ಅಮೈಲೇಸ್, ಸರಿ ಇನ್ನೂ ಬಿಸಿಯಾಗುತ್ತಿರುವಾಗಲೇ ಪಿಷ್ಟವನ್ನು ಕತ್ತರಿಸಿರುತ್ತದೆ.

ಕಿಣ್ವ ಹೆಚ್ಚಿದರೆ ಕೆಲಸ ಎಷ್ಟು ಬೇಗ ಆಗುತ್ತದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಅಮೈಲೇಸ್ ನಮ್ಮ ಜೊಲ್ಲಿನಲ್ಲೇ ಇದೆ. ಅನ್ನದ ಗಂಜಿಯನ್ನು ಸೋಸಿ, ನೀರು ಬೆರೆಸಿ, ಉಗುರು ಬೆಚ್ಚಗಾಗುವವರೆಗೆ ಆರಿಸಿ, ಮೂರು ಲೋಟಗಳಿಗೆ ಸಮನಾಗಿ ಹಾಕಿ. ಬಾಯಿ ಮುಕ್ಕಳಿಸಿ ಸ್ವಲ್ಪ ಜೊಲ್ಲು ಸಂಗ್ರಹಿಸಿ ನೀರಿಗೆ ಬೆರೆಸಿಕೊಳ್ಳಿ. ಮೊದಲ ಲೋಟಕ್ಕೆ ಈ ಜೊಲ್ಲುನೀರು ನಾಲ್ಕು ಚಮಚ. ಎರಡನೆಯದಕ್ಕೆ ಎರಡು ಚಮಚ, ಜೊತೆಗೆ ಬರೀ ನೀರು ಎರಡು ಚಮಚ. ಮೂರನೆಯದಕ್ಕೆ ಒಂದು ಚಮಚ, ನೀರು ಮೂರು ಚಮಚ. ಶಾಲೆಯ ಪ್ರಯೋಗಗಳು ಹಳಿ ತಪ್ಪುವುದು ಇಲ್ಲೇ. ನೀರು ಸೇರಿಸಿ ಸರಿದೂಗಿಸದಿದ್ದರೆ ಕಿಣ್ವದ ಜೊತೆಗೆ ಗಂಜಿಯ ಸಾರತೆಯೂ ಬದಲಾಗುತ್ತದೆ. ಆಮೇಲೆ ಯಾವುದರಿಂದ ಏನಾಯಿತೆಂದು ಹೇಳಲಾಗದು.

ಬಿಳಿ ಪಿಂಗಾಣಿ ತಟ್ಟೆಯಲ್ಲಿ, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣಕ್ಕೆ ನೀರು ಬೆರೆಸಿ ತೆಳುವಾಗಿಸಿ ಸಾಲಾಗಿ ಹನಿಗಳನ್ನಿಡಿ. ಅರ್ಧ ನಿಮಿಷಕ್ಕೊಮ್ಮೆ ಪ್ರತಿ ಲೋಟದಿಂದ ಒಂದು ತೊಟ್ಟು ತೆಗೆದು ಹೊಸ ಹನಿಗೆ ಬಿಡಿ. ಪಿಷ್ಟ ಇರುವತನಕ ಹನಿ ಕಡುನೀಲಿಯಾಗುತ್ತದೆ. ಬರಬರುತ್ತಾ ನೇರಳೆ, ಆಮೇಲೆ ಕೆಂಗಂದು. ಕೊನೆಗೆ ಅಯೋಡಿನ್ನಿನ ಸ್ವಂತ ಹಳದಿಯೇ ಉಳಿಯುತ್ತದೆ. ಮೊದಲ ಲೋಟ ಹಳದಿಗೆ ಬರಲು ಹಿಡಿದ ಹೊತ್ತಿನ ಸುಮಾರು ಎರಡರಷ್ಟು ಎರಡನೆಯದಕ್ಕೆ, ನಾಲ್ಕರಷ್ಟು ಮೂರನೆಯದಕ್ಕೆ ಬೇಕಾಗುತ್ತದೆ. ಕುದಿಸಿ ಆರಿಸಿದ ಜೊಲ್ಲುನೀರನ್ನು ಇನ್ನೊಂದು ಲೋಟಕ್ಕೆ ಹಾಕಿ ನೋಡಿ: ಎಷ್ಟು ಹೊತ್ತಾದರೂ ನೀಲಿ ನೀಲಿಯೇ. ಬಿಸಿಗೆ ಕಿಣ್ವದ ಆಕಾರ ಕೆಟ್ಟು ಕೆಲಸ ನಿಂತಿರುತ್ತದೆ.

ಕಿಣ್ವ ಹೆಚ್ಚಿದಂತೆ ಹೊತ್ತು ಏಕೆ ಕಡಿಮೆಯಾಗುತ್ತದೆಂದು ತಿಳಿಯಲು ಅನ್ನಸಂತರ್ಪಣೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಸಾವಿರ ಎಲೆ ಹಾಕಿದಲ್ಲಿ ಬಡಿಸುವವರು ಐದು ಜನರಿಂದ ಹತ್ತಾದರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಇಪ್ಪತ್ತು ಎಲೆಗಳ ಮುಂದೆ ಮೂವತ್ತು ಜನ ಬಕೆಟ್ ಹಿಡಿದು ನಿಂತರೆ ಯಾವ ಲಾಭವೂ ಇಲ್ಲ. ಇನ್ನೊಂದು ಮಾತು: ಎಷ್ಟು ಜನ ಬಡಿಸಿದರೂ ಒಟ್ಟು ಬಡಿಸುವ ಅನ್ನ ಅಷ್ಟೇ. ಕಿಣ್ವ ಹೆಚ್ಚಿದರೆ ವೇಗ ಹೆಚ್ಚುತ್ತದೆ, ಕೊನೆಯಲ್ಲಿ ಸಿಗುವ ಸಕ್ಕರೆ ಹೆಚ್ಚುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವ ಜಾಗ ಇದು.

ಕಿಣ್ವದ ಪ್ರಮಾಣಕ್ಕೂ ವೇಗಕ್ಕೂ ಇರುವ ಈ ನಂಟನ್ನು ಗಣಿತದ ಹದಕ್ಕೆ ತಂದವರಲ್ಲಿ ಪ್ರಮುಖರು ಬರ್ಲಿನ್ನಿನ ಲಿಯೊನೋರ್ ಮೈಕೇಲಿಸ್ ಮತ್ತು ಕೆನಡಾದ ಮಾಡ್ ಮೆಂಟನ್. 1913ರ ಅವರ ಸಮೀಕರಣದ ಪ್ರಕಾರ, ಕತ್ತರಿಸಬೇಕಾದ ವಸ್ತು ಧಾರಾಳವಾಗಿ ಇರುವತನಕ ವೇಗ ಕಿಣ್ವದ ಪ್ರಮಾಣವನ್ನೇ ಅನುಸರಿಸುತ್ತದೆ. ಆಸ್ಪತ್ರೆಯ ಲ್ಯಾಬುಗಳು ಇದನ್ನೇ ತಿರುಗಿಸಿ ಬಳಸುತ್ತವೆ. ಹೊಟ್ಟೆನೋವೆಂದು ಹೋದವರಿಗೆ ಸೀರಮ್ ಅಮೈಲೇಸ್ ಪರೀಕ್ಷೆ ಬರೆದರೆ, ರಕ್ತದಲ್ಲಿರುವ ಕಿಣ್ವವನ್ನು ಯಾರೂ ತೂಗುವುದಿಲ್ಲ. ಅದು ನಿಮಿಷಕ್ಕೆ ಎಷ್ಟು ಕತ್ತರಿಸುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತಾರೆ. ವರದಿಯಲ್ಲಿ 'ಯೂನಿಟ್' ಎಂದು ಬರೆದಿರುವುದು ಈ ವೇಗವನ್ನೇ.

ಈಗ ನಾಯಿಯ ವಿಷಯ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 12 ತೋಳಗಳ ಮತ್ತು 14 ತಳಿಗಳ 60 ನಾಯಿಗಳ ಡಿಎನ್ಎಯನ್ನು ಹೋಲಿಸಿ 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೇದೋಜೀರಕದ ಅಮೈಲೇಸ್ ತಯಾರಿಸುವ ಜೀನ್ ತೋಳಗಳಲ್ಲಿ ಎರಡೇ ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು! ವಿಕಾಸ ಇಲ್ಲಿ ಹೊಸ ಕತ್ತರಿ ಕಂಡುಹಿಡಿಯುವ ಗೋಜಿಗೆ ಹೋಗಲಿಲ್ಲ. ಇದ್ದ ಜೀನಿನ ನಕಲುಗಳನ್ನು ಮತ್ತೆ ಮತ್ತೆ ಸೇರಿಸಿತು. ಡಿಎನ್ಎ ನಕಲಾಗುವಾಗ ಒಂದು ತುಣುಕು ಎರಡು ಸಲ ಬೀಳುವುದು ಅಪರೂಪವೇನಲ್ಲ. ಅಂಥ ನಕಲಿನಿಂದ ಹೊಟ್ಟೆಗೆ ಅನುಕೂಲವಾದರೆ ಅದು ಸಂತತಿಯಲ್ಲಿ ಉಳಿದು ಹಬ್ಬುತ್ತದೆ.

ಅದೇ ಅಧ್ಯಯನದಲ್ಲಿ ನಾಯಿಯ ಮೇದೋಜೀರಕದಲ್ಲಿ ಈ ಜೀನಿನ ಚಟುವಟಿಕೆ ತೋಳದ 28 ಪಟ್ಟು ಕಂಡಿತು. ರಕ್ತದಲ್ಲಿ ಅಳೆದ ಕಿಣ್ವದ ಕೆಲಸ ಮಾತ್ರ 4.7 ಪಟ್ಟು. ಜೀನಿನಿಂದ ಆದೇಶ ಎಷ್ಟು ಹೊರಟರೂ ರಕ್ತದಲ್ಲಿ ಕಾಣುವ ಕಿಣ್ವ ಅದೇ ಲೆಕ್ಕದಲ್ಲಿ ಏರುವುದಿಲ್ಲ ಎಂಬುದನ್ನು ಗಮನಿಸಬೇಕು.

ನನಗೆ ಹೆಚ್ಚು ಸ್ವಾರಸ್ಯ ಕಂಡಿದ್ದು ಮುಂದಿನ ಭಾಗ. ಅಮೈಲೇಸ್ ಪಿಷ್ಟವನ್ನು ಪೂರ್ತಿ ಗ್ಲೂಕೋಸ್ ಮಾಡುವುದಿಲ್ಲ, ಮಾಲ್ಟೋಸ್‌ನಂಥ ಸಣ್ಣ ತುಂಡುಗಳವರೆಗೆ ತಂದು ಕೈಬಿಡುತ್ತದೆ. ಅವನ್ನು ಒಡೆಯಲು ಕರುಳಿನ ಗೋಡೆಯಲ್ಲಿ ಬೇರೆ ಕಿಣ್ವ ಬೇಕು, ಗ್ಲೂಕೋಸನ್ನು ಒಳಗೆಳೆದುಕೊಳ್ಳಲು ಬೇರೆ ಪ್ರೋಟೀನು ಬೇಕು. ಮೊದಲ ಹೆಜ್ಜೆಯ ಕಿಣ್ವವನ್ನಷ್ಟೇ ಹೆಚ್ಚಿಸಿದ್ದರೆ ಮಾಲ್ಟೋಸ್ ಎರಡನೆಯ ಹೆಜ್ಜೆಯಲ್ಲಿ ರಾಶಿ ಬೀಳುತ್ತಿತ್ತು. ಉಪ್ಸಾಲದವರು ಅವೆರಡನ್ನೂ ತಯಾರಿಸುವ ಜೀನುಗಳನ್ನು ಪರಿಶೀಲಿಸಿದಾಗ, ನಾಯಿಯಲ್ಲಿ ಅವೂ ಬದಲಾಗಿದ್ದವು. ಪಿಷ್ಟದಿಂದ ರಕ್ತದವರೆಗಿನ ಮೂರೂ ಹೆಜ್ಜೆಗಳ ಮೇಲೆ ವಿಕಾಸದ ಆಯ್ಕೆಯ ಗುರುತು ಸಿಕ್ಕಿತು.

ಎಲ್ಲ ನಾಯಿಗಳೂ ಹೀಗಲ್ಲ. ಬೇಸಾಯವನ್ನೇ ಕಾಣದ ಜನರ ಜೊತೆ ಬಾಳಿದ ಆಸ್ಟ್ರೇಲಿಯಾದ ಡಿಂಗೋಗೆ ತೋಳದಂತೆ ಎರಡೇ ಪ್ರತಿ. ಸೀಲ್ ಮಾಂಸ, ಮೀನು ತಿಂದು ಬೆಳೆದ ಉತ್ತರ ಧ್ರುವದ ಕಡೆಯ ತಳಿಗಳಲ್ಲೂ ಕಡಿಮೆ. ಹೊಲ ಉತ್ತು ಧಾನ್ಯ ಬೆಳೆದವರ ಮನೆಬಾಗಿಲಲ್ಲೇ ಜೀನಿನ ಸಂಖ್ಯೆ ಏರಿದೆ.

ಮನುಷ್ಯರದೂ ಇದೇ ಕತೆ, ಜಾಗ ಬೇರೆ. ನಮ್ಮಲ್ಲಿ ಹೆಚ್ಚಿದ್ದು ಜೊಲ್ಲಿನ ಅಮೈಲೇಸ್ ಜೀನು. ಚಿಂಪಾಂಜಿಗೆ ಎರಡು ಪ್ರತಿ. ನಮ್ಮಲ್ಲಿ ಕೆಲವರಿಗೆ ಎರಡು, ಕೆಲವರಿಗೆ ಹತ್ತಕ್ಕೂ ಹೆಚ್ಚು. ಪಿಷ್ಟವೇ ಮುಖ್ಯ ಆಹಾರವಾದ ಸಮುದಾಯಗಳಲ್ಲಿ ಸರಾಸರಿ ಪ್ರತಿಗಳು ಹೆಚ್ಚು ಎಂದು 2007ರಲ್ಲೇ ಗೊತ್ತಾಗಿತ್ತು. ಹಾಗಾಗಿ ಮೇಲಿನ ಪ್ರಯೋಗವನ್ನು ಮನೆಯಲ್ಲಿ ಇಬ್ಬರು ಮಾಡಿದರೆ ಇಬ್ಬರ ಹೊತ್ತೂ ಒಂದೇ ಬರುತ್ತದೆಂದು ನಿರೀಕ್ಷಿಸಬೇಡಿ.

ನಾಯಿ ಮೂಲತಃ ತೋಳ, ಅದಕ್ಕೆ ಹಸಿ ಮಾಂಸವನ್ನಷ್ಟೇ ಹಾಕಬೇಕು ಎಂದು ವಾದಿಸುವವರು ಈಗ ಊರೂರಲ್ಲೂ ಸಿಗುತ್ತಾರೆ. ಆ ವಾದಕ್ಕೆ ಈ ಜೀನುಗಳು ಬೆಂಬಲ ಕೊಡುವುದಿಲ್ಲ. ಬೆಂದ ಅನ್ನವನ್ನು ಅರಗಿಸುವ ಸಿದ್ಧತೆ ನಾಯಿಯಲ್ಲಿ ಚೆನ್ನಾಗಿಯೇ ಇದೆ. ಆದರೆ ಅಮೈಲೇಸ್ ಕತ್ತರಿಸುವುದು ಪಿಷ್ಟವನ್ನು ಮಾತ್ರ, ಅದು ಎಷ್ಟಿದ್ದರೂ ಅನ್ನದಿಂದ ಸಾಕಷ್ಟು ಪ್ರೋಟೀನು ಹುಟ್ಟುವುದಿಲ್ಲ. ಬರೀ ಅನ್ನ ಮಜ್ಜಿಗೆ ಹಾಕಿ ಸಾಕುವವರು ತಟ್ಟೆಗೆ ಒಂದು ಬೆಂದ ಮೊಟ್ಟೆಯನ್ನೋ ನಾಲ್ಕು ತುಂಡು ಮಾಂಸವನ್ನೋ ಸೇರಿಸಿ.