ಪ್ರತಿಭಾನ್ವಿತ ವಿದ್ಯಾರ್ಥಿಗಳ ಬೋಧನೆ

ಸಮವಯಸ್ಕರಿಗಿಂತ ಶೀಘ್ರವಾಗಿ ಅಥವಾ ಆಳವಾಗಿ ಕಲಿಯಬಲ್ಲ ಮಕ್ಕಳನ್ನು ಪ್ರತಿಭಾನ್ವಿತ ವಿದ್ಯಾರ್ಥಿಗಳು ಎನ್ನುತ್ತಾರೆ. ಅಮೆರಿಕದ ಶಿಕ್ಷಣತಜ್ಞ ಜೋಸೆಫ್ ರೆನ್ಜುಲಿ 1978ರಲ್ಲಿ ಸಾಮರ್ಥ್ಯದೊಡನೆ ಸೃಜನಶೀಲತೆ ಹಾಗೂ ಕಾರ್ಯನಿಷ್ಠೆಯನ್ನೂ ಪ್ರತಿಭೆಯ ಲಕ್ಷಣಗಳೆಂದು ಗುರುತಿಸಿದರು.

ಭಾರತದಲ್ಲಿ ಜವಾಹರ ನವೋದಯ ವಿದ್ಯಾಲಯಗಳು ಇಂತಹ ಮಕ್ಕಳನ್ನು ಪ್ರವೇಶ ಪರೀಕ್ಷೆಯ ಮೂಲಕ ಆರನೆಯ ತರಗತಿಗೆ ಆಯ್ಕೆ ಮಾಡುತ್ತವೆ. ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲಾಗಿವೆ. ರಾಯಚೂರು ಜಿಲ್ಲೆಯ ನವೋದಯ ವಿದ್ಯಾಲಯವು ಮುದಗಲ್‌ನಲ್ಲಿದೆ. ಆದರೆ ಪ್ರತಿ ವಿದ್ಯಾಲಯದಲ್ಲಿ ಆರನೆಯ ತರಗತಿಗೆ ಗರಿಷ್ಠ 80 ಸ್ಥಾನಗಳಿರುವುದರಿಂದ ಅನೇಕ ಪ್ರತಿಭಾವಂತರು ತಮ್ಮ ಊರಿನ ಶಾಲೆಯಲ್ಲಿಯೇ ಉಳಿಯುತ್ತಾರೆ. ಅವರನ್ನು ಗುರುತಿಸುವ ಹೊಣೆ ತರಗತಿಯ ಶಿಕ್ಷಕರದು.

ಬೇಗ ಮುಗಿಸಿದ ಮಗುವಿಗೆ ಅದೇ ಬಗೆಯ ಲೆಕ್ಕಗಳನ್ನು ಮತ್ತಷ್ಟು ಕೊಟ್ಟರೆ ಆಸಕ್ತಿ ಕುಂದುತ್ತದೆ. ಬಲ್ಲ ಪಾಠವನ್ನು ಸಂಕ್ಷೇಪಿಸಿ, ಉಳಿದ ವೇಳೆಯಲ್ಲಿ ಕಠಿಣ ಸಮಸ್ಯೆ, ಗ್ರಂಥಾಲಯದ ಓದು ಅಥವಾ ಸ್ಥಳೀಯ ಅನ್ವೇಷಣೆಯನ್ನು ವಹಿಸಬಹುದು. ಉದಾಹರಣೆಗೆ, ಊರಿನ ಬಾವಿಯ ನೀರಿನ ಮಟ್ಟವನ್ನು ಪ್ರತಿ ತಿಂಗಳು ಅಳೆದು ರೇಖಾಚಿತ್ರ ರಚಿಸುವುದು.